ನಲವತ್ತೈದರ ಗೆರೆ

ನಯಾಜ್ ಅವರೇ, ನಮ್ಮ ಮನೆಯ ಮೀನಿನ ಟ್ಯಾಂಕಿನಲ್ಲಿದ್ದ ನಿಮ್ಮ ಜೀವಂತ ಹವಳವನ್ನು ಹಾಳು ಮಾಡಿದ್ದು ನೀವು ಹೇಳಿದ ಬೆಳಕಿನ ಲೆಕ್ಕವಲ್ಲ. ನಾನು. ಲೈಟನ್ನು ಪೂರ್ತಿ ಏರಿಸಿದವಳು ನಾನು, ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಇಳಿಸಿದವಳೂ ನಾನೇ. ನೀವು ನಮ್ಮ ನಡುಮನೆಯಲ್ಲಿ ನಿಂತು ತಪ್ಪೆಲ್ಲ ನಿಮ್ಮದೇ ಎಂದು ಹೇಳಿಕೊಂಡಾಗ ಟೀ ತಂದುಕೊಟ್ಟು ಸುಮ್ಮನಿದ್ದವಳು — ಅಲ್ಲ, ಸುಮ್ಮನಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ನನ್ನ ಮೇಲೆಯೇ ರೇಗುತ್ತದೆ. ಹಲಸೂರಿನಿಂದ ಶಿವಾಜಿನಗರಕ್ಕೆ ಎಷ್ಟು ದೂರ? ಒಂದು ಆಟೋ ಹತ್ತಿದರೆ ಮುಗಿಯಿತು. ಆಟೋದವನು ಬರುವುದಿಲ್ಲ ಅನ್ನಬಹುದಿತ್ತು, ಅದೂ ನೆಪವಾಗುತ್ತಿತ್ತು. ಒಮ್ಮೆ ಬಂದೂ ಹೇಳದೆ ಹೋದೆ, ಆಮೇಲೆ ಆಟೋವನ್ನೇ ಕರೆಯಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹೇಳದಿದ್ದರೆ ನಾನು ನಡುವೆ ಎಲ್ಲೋ ನುಸುಳಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಮ್ಮವರು ವಿಮಾನಪುರದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ನಿವೃತ್ತರಾದ ಹೊಸತರಲ್ಲಿ ಓದುವ ಕನ್ನಡಕ ಮಾಡಿಸಲು ಶಿವಾಜಿನಗರದ ನಿಮ್ಮ ಅಂಗಡಿಗೆ ಬಂದರು. ಕೌಂಟರಿನ ಮೇಲೆ ನೀವು ಇಟ್ಟಿದ್ದ ಪುಟ್ಟ ಉಪ್ಪುನೀರಿನ ಟ್ಯಾಂಕನ್ನು ನೋಡುತ್ತ ಕೂತವರು ಕನ್ನಡಕವನ್ನು ಅಲ್ಲೇ ಮರೆತು ಮನೆಗೆ ಬಂದರು. ಅವತ್ತಿಗೆ ನನ್ನ ನೆಮ್ಮದಿ ಮುಗಿಯಿತು. ದೇವರ ಗೂಡಿನ ಪಕ್ಕ, ಟಿವಿ ಇರಬೇಕಾದ ಜಾಗದಲ್ಲಿ, ಒಂದು ಗಾಜಿನ ಸಮುದ್ರ ಬಂದು ಕೂತಿತು. ಅದಕ್ಕೆ ಪಂಪು, ಅದಕ್ಕೆ ಉಪ್ಪು, ಅದಕ್ಕೆ ಯುಪಿಎಸ್ಸು. ಮನೆಯಲ್ಲಿ ಕರೆಂಟು ಹೋದರೆ ನಾವು ಕತ್ತಲಲ್ಲಿ, ಮೀನುಗಳು ಬೆಳಕಿನಲ್ಲಿ.

ಅದೂ ಹೋಗಲಿ. ಬೆಳಕು ಎಷ್ಟಿರಬೇಕು ಎಂಬ ಒಂದು ಪ್ರಶ್ನೆಯಿತ್ತಲ್ಲ, ಅದು ನನ್ನ ಪ್ರಾಣ ತಿಂದುಬಿಟ್ಟಿತು. ಮೊಬೈಲಿನಲ್ಲಿ ಒಬ್ಬ ಕಡಿಮೆ ಇಡಿ ಅನ್ನುತ್ತಿದ್ದ, ಇನ್ನೊಬ್ಬ ಅದರ ಎರಡು ಪಟ್ಟು ಇಡಿ ಅನ್ನುತ್ತಿದ್ದ, ಮೂರನೆಯವನು ಇಬ್ಬರನ್ನೂ ಬೈಯುತ್ತಿದ್ದ. ನಮ್ಮವರು ಮೂವರ ಮಾತನ್ನೂ ಕೇಳಿ ಸಾರನ್ನಕ್ಕೆ ಕೈ ಹಾಕಿಕೊಂಡು ಹಾಗೇ ಕೂತಿರುತ್ತಿದ್ದರು. ಲೈಟಿಗೆ ಸೊನ್ನೆಯಿಂದ ನೂರರವರೆಗೆ ಅಂಕಿಯಿರುವ ಎರಡು ನಾಬು, ನೀಲಿಗೊಂದು, ಬಿಳಿಗೊಂದು. ನೀಲಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ರಗಳೆಯೆಲ್ಲ ಬಿಳಿಯದು. ಇಡೀ ದಿನ ನಡುಮನೆಯೆಲ್ಲ ನೀಲಿ. ಗೋಡೆ ನೀಲಿ, ಮೊಸರು ನೀಲಿ, ನಾವೂ ನೀಲಿ.

ನೀವು ಒಬ್ಬರೇ ನನಗೆ ಅರ್ಥವಾಗುವ ಹಾಗೆ ಹೇಳಿದ್ದು. "ಅಕ್ಕಾ, ಇದು ಕನ್ನಡಕದ ನಂಬರ್ ಇದ್ದಂಗೆ. ಒಬ್ರದ್ದು ಇನ್ನೊಬ್ರಿಗೆ ಆಗಲ್ಲ. ಟ್ಯಾಂಕ್ ಎಷ್ಟು ಆಳ, ಹವಳ ಎಲ್ಲಿ ಕೂತಿದೆ, ನೋಡಿ ನೋಡಿ ಹಾಕ್ಬೇಕು. ಮೀನಾದ್ರೆ ಬೆಳಕು ಜಾಸ್ತಿ ಆದ್ರೆ ನೆರಳಿಗೆ ಓಡುತ್ತೆ. ಹವಳ ಎಲ್ಲಿಗೆ ಓಡುತ್ತೆ? ಇದ್ದಲ್ಲೇ ನಿಂತು ಬೇಯುತ್ತೆ."

ಇಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ ನಾನು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗೆ ಅವತ್ತೇ ಮುಚ್ಚಿಹೋಯಿತು.

ಇನ್ನು ಆ ಹವಳ. ಅದನ್ನು ಕೊಟ್ಟಿದ್ದು ನೀವಲ್ಲ, ನಿಮ್ಮ ಹೆಂಡತಿ ಶಾಹೀನ್. ಅಂಗಿಯ ಗುಂಡಿಯಷ್ಟು ಅಗಲದ ಹೂಗಳು, ಕಿತ್ತಳೆ ಬಣ್ಣ, ನಡುವೆ ಒಂದೊಂದು ಹಸಿರು ಚುಕ್ಕೆ, ಒಂದು ಕಲ್ಲಿನ ಮೇಲೆ ಒತ್ತೊತ್ತಾಗಿ. ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡುವ ಸಿಹಿ ಅನ್ನದ ಬಣ್ಣವೆಂದು ಅವರೇ ಅದಕ್ಕೆ ಜರ್ದಾ ಎಂದು ಹೆಸರಿಟ್ಟಿದ್ದರು. ಹವಳ ಸಾಕುವವರಲ್ಲಿ ಒಂದು ಪದ್ಧತಿಯಂತೆ. ಕೈಗೂಡಿದ ಹವಳದ ಒಂದು ತುಂಡನ್ನು ನಂಬಿಕೆಯ ಇನ್ನೊಂದು ಮನೆಗೆ ಕೊಟ್ಟಿರಬೇಕು. ಇಲ್ಲಿ ಹೋದರೆ ಅಲ್ಲಿಂದ ತರಬಹುದು. ಫ್ರೇಜರ್ ಟೌನಿನ ನಿಮ್ಮ ಮನೆಯಲ್ಲಿ ಶಾಹೀನ್ ಆ ಕಲ್ಲಿನ ಚೂರನ್ನು ನೀರಿನ ಕವರಿನಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು, ನಮ್ಮವರ ಕೈಗಲ್ಲ. "ಹೆಪ್ಪು ಅಂತ ಇಟ್ಕೊಳ್ಳಿ ಭಾಬಿ. ನಮ್ದು ಕೆಟ್ಟೋದ್ರೆ ನಿಮ್ಮನೇಗೆ ಬಟ್ಲು ತಗೊಂಡ್ ಬರ್ತೀನಿ" ಎಂದು ನಕ್ಕರು.

ಅವರು ಬಟ್ಟಲು ಹಿಡಿದು ಬರಲಿಲ್ಲ. ಕಾಯಿಲೆ ಬಿದ್ದರು. ನೀವು ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದಲ್ಲಿದ್ದ ದಿನಗಳಲ್ಲಿ ನಿಮ್ಮ ಮನೆಯ ಕರೆಂಟು ಹೋಗಿ ಪಂಪು ನಿಂತಿತು. ಟ್ಯಾಂಕು ಪೂರ್ತಿ ಸತ್ತಿತು. ಆಮೇಲೆ ಅವರೂ ಹೋದರು. ಅವರ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಒಂದು ದಿನ ನೀವು ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ನೇರ ಟ್ಯಾಂಕಿನ ಮುಂದೆ ನೆಲದ ಮೇಲೆ ಕೂತಿರಿ. ಬಹಳ ಹೊತ್ತು ನೋಡಿ, "ಇಲ್ಲಿದೆಯಲ್ಲ, ಸಾಕು" ಎಂದಿರಿ. ಆ ಜರ್ದಾ ನಿಮಗೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನೂ ಬರೆದಿಡುತ್ತೇನೆ.

ನಮ್ಮವರು ಹೆದರಿಕೊಂಡು ಬಿಳಿ ಬೆಳಕನ್ನು ತೀರ ಸಣ್ಣದಾಗಿ ಇಟ್ಟಿದ್ದರು. ನೀವು ಅವತ್ತು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಗಾಜಿಗೆ ಮೂಗು ತಗುಲಿಸಿ ಹೇಳಿದಿರಿ. "ಜಯಣ್ಣ, ಕತ್ತು ಉದ್ದ ಮಾಡ್ತಿವೆ ನೋಡಿ. ಬೆಳಕು ಸಾಲ್ತಿಲ್ಲ. ನಿಧಾನಕ್ಕೆ ನಲವತ್ತೈದಕ್ಕೆ ತನ್ನಿ. ವಾರಕ್ಕೆ ಒಂದು ಕೂದಲಷ್ಟು. ಹರಡ್ಕೊಳ್ಳುತ್ತೆ. ಆಮೇಲೆ ನಾನೂ ಒಂದು ತುಂಡು ತಗೊಂಡ್ಹೋಗ್ತೀನಿ."

ಹಾಗೇ ಮಾಡಿದರು. ವಾರವಾರ ಕೂದಲಷ್ಟು. ನಲವತ್ತೈದು ಮುಟ್ಟಿದ ದಿನ, ನಾಬಿನಿಂದ ಲೈಟಿನ ಪೆಟ್ಟಿಗೆಯವರೆಗೆ ಮಾರ್ಕರಿನಲ್ಲಿ ಒಂದು ತೆಳು ಗೆರೆ ಎಳೆದರು. ಕಾರ್ಖಾನೆಯ ಅಭ್ಯಾಸ. ವಿಮಾನದ ನಟ್ಟನ್ನು ಬಿಗಿ ಮಾಡಿದ ಮೇಲೆ ಹೀಗೇ ಗೆರೆ ಎಳೆಯುತ್ತಾರಂತೆ, ನಟ್ಟು ಜರುಗಿದರೆ ಗೆರೆ ಎರಡಾಗುತ್ತದೆ. ಗೆರೆ ಕೂಡಿದ್ದರೆ ಯಾರೂ ಮುಟ್ಟಿಲ್ಲ ಎಂದರ್ಥ. ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೂ ಈ ಗೆರೆ ಎಳೆದ ಮಹಾನುಭಾವರು ಅವರು. ಜರ್ದಾ ಹರಡತೊಡಗಿತು. ನೀವು ಹೊಸ ಟ್ಯಾಂಕಿಗೆ ನೀರು ತುಂಬಿಸಿದಿರಿ. ರಂಜಾನ್ ಮುಗಿದ ಮೇಲೆ ಬಂದು ತುಂಡು ತೆಗೆದುಕೊಂಡು ಹೋಗುವುದೆಂದು ಮಾತಾಯಿತು.

ಅಷ್ಟರಲ್ಲಿ ಮೈಸೂರಿನಲ್ಲಿ ನಮ್ಮ ಭಾವನವರಿಗೆ ಸೊಂಟದ ಆಪರೇಷನ್ ಆಯಿತು. ಇವರು ಅಣ್ಣನ ಜೊತೆಗಿರಲು ಹೋದರು. ಇತ್ತ ಮಗಳು ಸುಷ್ಮಾಗೆ ಗಂಡು ನೋಡುತ್ತಿದ್ದೆವು. ಗಂಡಿನ ದೊಡ್ಡಮ್ಮ ಸುಮ್ಮನೆ ಒಮ್ಮೆ ಮನೆ ನೋಡಿಕೊಂಡು ಹೋಗುತ್ತಾರೆ, ಹೆಂಗಸರು ಹೆಂಗಸರು ಮಾತಾಡಿದ ಹಾಗಾಗುತ್ತದೆ ಎಂದು ಹೇಳಿಕಳಿಸಿದರು. ಸಂಬಂಧ ತಂದಿದ್ದ ಮಹಾತಾಯಿ ಮೊದಲೇ ಒಂದು ಕೊಕ್ಕೆ ಹಾಕಿದ್ದಳು. ನಡುಮನೆಯಲ್ಲಿ ತೆಗೆದಿದ್ದ ಸುಷ್ಮಾಳ ಫೋಟೋ ನೋಡಿ, "ಹುಡುಗಿ ಮುಖ ಯಾಕ್ರೀ ಹಿಂಗೆ ನೀಲಿಗಿದೆ, ಹುಷಾರಿಲ್ವಾ?" ಅಂದಿದ್ದಳು.

ಲೈಟನ್ನು ಆರಿಸಿದ್ದರೆ ಆಗುತ್ತಿತ್ತು. ಕೇಳಿಸಿತೇ ನಯಾಜ್ ಅವರೇ? ಒಂದು ಸ್ವಿಚ್ಚು. ಒಂದು ಗಂಟೆ ಕತ್ತಲಾದರೆ ಹವಳಕ್ಕೆ ಏನೂ ಆಗುವುದಿಲ್ಲ, ಅದೂ ನನಗೆ ಗೊತ್ತಿತ್ತು. ಆದರೆ ಆರಿಸಿದರೆ ಅದೊಂದು ಕಪ್ಪು ಡಬ್ಬ. ಬಿಳಿ ಬೆಳಕು ಏರಿಸಿದರೆ — ಒಮ್ಮೆ ತಿರುಗಿಸಿ ನೋಡಿದೆ — ಇಡೀ ನಡುಮನೆ ಒಡವೆ ಅಂಗಡಿಯಂತೆ ಝಗಮಗಿಸಿತು. ವರ್ಷಗಟ್ಟಲೆ ಯಾವ ಟ್ಯಾಂಕಿಗೆ ಶಾಪ ಹಾಕಿದ್ದೆನೋ ಅದನ್ನೇ ಬಂದವರಿಗೆ ತೋರಿಸಿಕೊಳ್ಳುವ ಚಪಲ ಹುಟ್ಟಿತು. ನಮ್ಮ ಮನೆಯಲ್ಲೂ ಇಂಥದ್ದಿದೆ ಎಂದು ಅವರು ಬಾಯಿ ಬಿಡಬೇಕು! ಮಗಳ ಮುಖದ ಬಣ್ಣ ಒಂದು ನೆಪ ಅಷ್ಟೇ. ನಾಬನ್ನು ಕೊನೆಯವರೆಗೆ ತಿರುಗಿಸಿದೆ.

"ಅಮ್ಮಾ, ಅವ್ರಿಗೆ ನನ್ನ ತೋರಿಸ್ತೀಯೋ ಮೀನು ತೋರಿಸ್ತೀಯೋ?" ಎಂದು ಸುಷ್ಮಾ ಕೇಳಿದಳು. ಅವಳಿಗೆ ಈ ಸಂಬಂಧದಲ್ಲಿ ಮೊದಲಿಂದಲೂ ಆಸಕ್ತಿ ಇರಲಿಲ್ಲ.

ಅವರು ಹೇಳಿದ ದಿನ ಬರಲಿಲ್ಲ. ಅಷ್ಟಮಿಯಂತೆ. ಮರುದಿನ ಮಹದೇವಪುರದಲ್ಲಿ ರಸ್ತೆಗೆ ನೀರು ನುಗ್ಗಿ ಕಾರು ಹೊರಡಲಿಲ್ಲವಂತೆ. ಅದರ ಮರುದಿನ ದೊಡ್ಡಮ್ಮನಿಗೆ ಮಂಡಿನೋವಂತೆ. ಪ್ರತಿಸಲವೂ ನಾಳೆ ಖಂಡಿತ. ನಾನು ಪ್ರತಿದಿನ ಕೇಸರಿಭಾತಿಗೆ ರವೆ ಹುರಿದಿಟ್ಟು, ನಾಬನ್ನು ಮುಟ್ಟದೆ ಬಿಟ್ಟೆ. ಇಳಿಸಿ ಮತ್ತೆ ಏರಿಸುವುದು ಯಾರಿಗೆ ಬೇಕು ಎಂಬ ಸೋಮಾರಿತನ. ಎರಡನೆಯ ದಿನಕ್ಕೇ ಜರ್ದಾದ ಹೂಗಳು ಮುಚ್ಚಿಕೊಂಡಿದ್ದವು. ನೋಡಿದೆ. ಮಲಗಿರಬೇಕು ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಂಡ ಹಾಗೆ ನಟಿಸಿದೆನೋ — ಈಗ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ನಿಮ್ಮ ಮಾತು ಕಿವಿಯಲ್ಲಿತ್ತು. ಇದ್ದಲ್ಲೇ ನಿಂತು ಬೇಯುತ್ತದೆ ಎಂದಿದ್ದಿರಿ.

ಕಡೆಗೂ ಆ ದೊಡ್ಡಮ್ಮ ಬಂದರು. ಕೇಸರಿಭಾತು ಎರಡು ಸಲ ಹಾಕಿಸಿಕೊಂಡರು, ಟ್ಯಾಂಕಿನ ಮುಂದೆ ನಿಂತು, "ಇದೆಲ್ಲ ತೊಳೆಯೋದು ಯಾರು? ನಿಮ್ಮ ಹುಡುಗೀನಾ?" ಅಂದರು, ಹೋದರು. ಜಾತಕ ಕೂಡಲಿಲ್ಲ ಎಂದು ಸಂಜೆಯೇ ಫೋನು ಬಂತು.

ಅವರ ಕಾರು ತಿರುಗಿದ ಮೇಲೆ ನಾನು ಟ್ಯಾಂಕಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಜರ್ದಾ ಇರಲಿಲ್ಲ, ಬರಿಯ ಅನ್ನವಿತ್ತು. ಬೆಳ್ಳಗೆ. ಕೆಲವು ಕಡೆ ಕರಗಿ ಕಲ್ಲು ಕಾಣುತ್ತಿತ್ತು. ಆಗಲೂ ನಾನು ನಿಮಗೆ ಫೋನು ಮಾಡಲಿಲ್ಲ. ನಮ್ಮವರ ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡು, ನಾಬನ್ನು ಹಿಂದಕ್ಕೆ ತಿರುಗಿಸಿ, ಆ ಗೆರೆಯ ಎರಡು ತುದಿಗಳನ್ನು ಕೂಡಿಸಿದೆ. ಒಮ್ಮೆ ಸ್ವಲ್ಪ ಮುಂದೆ ಹೋಯಿತು. ಮತ್ತೆ ಹಿಂದೆ ತಂದೆ. ಅಷ್ಟು ಮುತುವರ್ಜಿಯಿಂದ ನಾನು ರಂಗೋಲಿಯನ್ನೂ ಹಾಕಿದವಳಲ್ಲ.

ಇವರು ಮೈಸೂರಿನಿಂದ ಬಂದು ಬ್ಯಾಗು ಇಳಿಸುವ ಮುಂಚೆ ಟ್ಯಾಂಕು ನೋಡಿದರು. ಆಮೇಲೆ ಗೆರೆ ನೋಡಿದರು. ಗೆರೆ ಕೂಡಿತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಕೇಳಿದ್ದರೂ ಹೇಳುತ್ತಿರಲಿಲ್ಲ.

ನಿಮ್ಮನ್ನು ಕರೆಸಿದರು. ನೀವು ಉಪವಾಸದ ಬಾಯಿಯಲ್ಲಿ ಓಡಿಬಂದಿರಿ. ನನಗೆ ಆ ಗಾಬರಿಯಲ್ಲಿ ಅದೂ ನೆನಪಿಲ್ಲದೆ ಟೀ ತಂದಿಟ್ಟೆ ನೋಡಿ. ನೀವು ಅದೇ ಜಾಗದಲ್ಲಿ ನೆಲದ ಮೇಲೆ ಕೂತಿರಿ. ಇವರು ನಿಂತೇ ಇದ್ದರು.

"ನಿನ್ನ ಮಾತು ಕೇಳಿ ಕೆಟ್ಟೆ ನಯಾಜ್. ನನ್ನ ಪಾಡಿಗೆ ನಾನು ಕಡಿಮೆ ಇಟ್ಕೊಂಡಿದ್ದೆ. ನೀನು ನಲವತ್ತೈದು ಅಂದೆ. ನೋಡು, ಗೆರೆ ನೋಡು, ಒಂದು ಕೂದಲು ಜರುಗಿಲ್ಲ."

ನೀವು ಗೆರೆಯನ್ನೂ ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಿರಿ, "ನಂದೇ ತಪ್ಪು ಅಕ್ಕಾ. ಬೇಗ ಬೆಳೀಲಿ, ಮನೆಗೆ ತಗೊಂಡ್ಹೋಗೋಣ ಅಂತ ಆಸೆ ಬಿದ್ದೆ. ಆಸೇಲಿ ಲೆಕ್ಕ ತಪ್ಪಿಬಿಡ್ತು."

ಆಗ ನಾನು ಆಡಿದ ಮಾತು ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ಮಾತ್ರ ಪ್ರತಿದಿನ ಗಾಜು ಒರೆಸುವಾಗ ಕೇಳಿಸುತ್ತದೆ. "ಹೋಗ್ಲಿ ಬಿಡಿ ನಯಾಜ್ ಅವ್ರೇ. ಗೊತ್ತಿಲ್ದೆ ಆಗಿದ್ದು. ನಾವೇನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ನಾನು ನಿಮ್ಮನ್ನು ಕ್ಷಮಿಸಿದೆ! ನಿಮ್ಮ ಹೆಂಡತಿ ನನ್ನ ಕೈಗಿಟ್ಟ ಹೆಪ್ಪನ್ನು ನಾನೇ ಕೆಡಿಸಿ, ದೊಡ್ಡ ಮನಸ್ಸು ಮಾಡಿ ನಿಮ್ಮನ್ನು ಕ್ಷಮಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನಾನು ಬರೆ ಹಾಕಿ ಅದರ ಮೇಲೆ ಬೆಣ್ಣೆಯನ್ನೂ ಸವರಿದೆ. ನೀವು ಕೈ ಮುಗಿದು ಎದ್ದಿರಿ. ಟೀ ಹಾಗೇ ಆರಿತು.

ಆಮೇಲೆ ನೀವು ಬರಲಿಲ್ಲ, ಇವರೂ ಕರೆಯಲಿಲ್ಲ. ನನ್ನ ಕನ್ನಡಕದ ನೆಪದಲ್ಲಿ ಒಮ್ಮೆ ಅಂಗಡಿಗೆ ಬಂದೆ, ಹೇಳಿಬಿಡುವ ನಿರ್ಧಾರ ಮಾಡಿಕೊಂಡೇ ಬಂದೆ. ಕೌಂಟರಿನ ಮೇಲೆ ಟ್ಯಾಂಕು ಇರಲಿಲ್ಲ, ಫ್ರೇಮುಗಳ ಸ್ಟ್ಯಾಂಡು ಇತ್ತು. ಮನೆಯದನ್ನೂ ಖಾಲಿ ಮಾಡಿದೆ ಎಂದಿರಿ. ನನ್ನ ಕಣ್ಣು ನೋಡಿ ನಂಬರು ಬರೆದವರು, ಮತ್ತೆ ನೋಡಿದಿರಿ, ಮತ್ತೆ ನೋಡಿದಿರಿ. ಕೊನೆಗೆ ಪಕ್ಕದ ಕನ್ನಡಕದ ಅಂಗಡಿಯವರನ್ನು ಕರೆದು, "ಒಂದ್ಸಲ ನೀವೂ ನೋಡಿ. ನನ್ನ ಲೆಕ್ಕದ ಮೇಲೆ ನನಗೇ ಭರವಸೆ ಇಲ್ಲ" ಎಂದಿರಿ. ನಗುತ್ತಲೇ ಹೇಳಿದಿರಿ. ನಾನೂ ನಕ್ಕೆ, ಕನ್ನಡಕದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ಆ ಕನ್ನಡಕದಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ನಿಮ್ಮ ಲೆಕ್ಕ ಯಾವತ್ತೂ ತಪ್ಪಿರಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸಂಗತಿ. ಜರ್ದಾ ಪೂರ್ತಿ ಸತ್ತಿಲ್ಲ. ಕಲ್ಲಿನ ಕೆಳಮಗ್ಗುಲಲ್ಲಿ, ನಾನು ಹಚ್ಚಿದ ಬೆಳಕು ತಲುಪದ ನೆರಳಿನಲ್ಲಿ, ನಾಲ್ಕಾರು ಹೂಗಳು ಉಳಿದಿದ್ದವು. ತಿಂಗಳುಗಳಾದ ಮೇಲೆ ಕಂಡವು. ನಿಮಗೆ ತಿಳಿಸೋಣ ಎಂದೆ. ಇವರು ಬೇಡವೆಂದರು, ಮತ್ತೆ ಬಂದು ಇನ್ನೊಂದು ನಂಬರು ಹೇಳುತ್ತಾನೆ ಎಂದರು. ಹೆದರಿ ಬಿಳಿ ಬೆಳಕನ್ನು ಮೊದಲಿಗಿಂತಲೂ ಕೆಳಗಿಳಿಸಿದರು. ಅಂದಿನಿಂದ ಆ ಹೂಗಳು ಸಾಯುತ್ತಲೂ ಇಲ್ಲ, ಹರಡುತ್ತಲೂ ಇಲ್ಲ. ಕತ್ತು ಉದ್ದ ಮಾಡಿಕೊಂಡು ಮೇಲೆ ನೋಡುತ್ತ ನಿಂತಿವೆ.

ಸುಷ್ಮಾ ತಾನೇ ಮೆಚ್ಚಿದವನನ್ನು ಮದುವೆಯಾಗಿ ರಾಮಮೂರ್ತಿ ನಗರದಲ್ಲಿದ್ದಾಳೆ. ಹೋದ ತಿಂಗಳು ಬಂದಿದ್ದಾಗ, "ಅಪ್ಪಾ, ಪಾಪ, ಸ್ವಲ್ಪ ಬೆಳಕು ಜಾಸ್ತಿ ಮಾಡ್ಬಾರ್ದಾ?" ಅಂದಳು. ಇವರು ಎಂದಿನಂತೆ, "ನಯಾಜ್ ಮಾತು ಕೇಳಿ ಒಂದ್ಸಲ ಕೆಟ್ಟಿದೀನಿ, ಸಾಕು" ಅಂದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅವತ್ತು ಮಾತ್ರ ಆಗಲಿಲ್ಲ. ಹುರುಳಿಕಾಯಿ ಬಿಡಿಸುತ್ತಿದ್ದವಳು ತಟ್ಟೆಯನ್ನು ಕೆಳಗಿಟ್ಟು ಹೇಳಿದೆ. ಎಲ್ಲ ಹೇಳಿದೆ.

ಇವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಲಿಲ್ಲ. "ಗೆರೆ?" ಎಂದರು.

"ಕೂಡಿಸಿದ್ದೆ" ಎಂದೆ.

"ಅವನಿಗೆ ನಾನು ಏನೇನಂದೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ನೀನೇ ಹೋಗಿ ಹೇಳು. ನೀನು ಹೇಳಿದ ಮೇಲೆ ನಾನು ಹೋಗ್ತೀನಿ" ಎಂದರು. ಅಂದಿನಿಂದ ನನ್ನ ಜೊತೆ ಮಾತು ಅಷ್ಟಕ್ಕಷ್ಟೇ. ಆದರೆ ಶುಕ್ರವಾರ ಶುಕ್ರವಾರ ನಾಬನ್ನು ಕೂದಲಷ್ಟು ತಿರುಗಿಸುತ್ತಿದ್ದಾರೆ. ಗುರಿ ನಲವತ್ತೈದು. ಈ ಸಲ ಗೆರೆ ಎಳೆದಿಲ್ಲ.

ಇದನ್ನು ಬರೆದಿದ್ದು ನಿಮಗೆ ಕಳಿಸುವುದಕ್ಕಲ್ಲ. ಎದುರಿಗೆ ನಿಂತಾಗ ಯಾವುದನ್ನೂ ನುಂಗಬಾರದು ಎಂದು ಬರೆದುಕೊಂಡೆ. ನಾಳೆ ಬೆಳಿಗ್ಗೆ ಶಿವಾಜಿನಗರಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಗಿರಾಕಿಗಳಿದ್ದರೂ, ಪಕ್ಕದ ಅಂಗಡಿಯವರಿದ್ದರೂ ಅವರ ಮುಂದೆಯೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತನ್ನು ನಾನು ಒಮ್ಮೆ ಕೆಡಿಸಿಬಿಟ್ಟಿದ್ದೇನೆ. ಮತ್ತೆ ಟ್ಯಾಂಕಿಗೆ ನೀರು ತುಂಬಿಸಿ ಎನ್ನುವ ಹಕ್ಕೂ ನನಗಿಲ್ಲ. ನಿಮ್ಮ ಲೆಕ್ಕ ಸರಿಯಿತ್ತು ಎಂದು ಹೇಳಬೇಕು. ಶಾಹೀನ್ ಕೊಟ್ಟ ಹೆಪ್ಪು ನಮ್ಮ ಮನೆಯಲ್ಲಿ ಇನ್ನೂ ಇದೆ ಎಂದು ಹೇಳಬೇಕು.